ಪ್ಲಾಸ್ಟರ್ ಹಚ್ಚಿದ ತಂಬೂರಿ

ನಮ್ಮ ಮನೆತನದಲ್ಲಿ ಹಾಡಿದವರು ಒಬ್ಬರೂ ಇಲ್ಲ. ಹಾಡುವವರ ತಪ್ಪು ಹಿಡಿಯುವವರು ಮಾತ್ರ ಮೂರು ತಲೆಮಾರಿನಿಂದ ಇದ್ದೇವೆ. ಧಾರವಾಡದಲ್ಲಿ ಅದೂ ಒಂದು ಘನತೆಯ ಕಸುಬು. ಅಜ್ಜ ಸಂಗೀತದ ಬೈಠಕ್ಕಿನಲ್ಲಿ ಮುಂದಿನ ಸಾಲಿನಲ್ಲೇ ಕೂತು, ಸ್ವರ ಜಾರಿದ ಜಾಗಕ್ಕೆ ಸರಿಯಾಗಿ ಒಮ್ಮೆ ಕೆಮ್ಮುತ್ತಿದ್ದರಂತೆ. ಅಪ್ಪ ಕೆಮ್ಮುವುದು ಅಸಭ್ಯವೆಂದು ಬಿಟ್ಟು, ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕುವ ಪದ್ಧತಿ ತಂದರು. ನಾನು ತೋರುಬೆರಳಿಗೆ ಬಂದು ನಿಂತೆ. ಸ್ವರ ಏರಿದರೆ ಬೆರಳು ನೆಲದ ಕಡೆ, ಇಳಿದರೆ ಸೂರಿನ ಕಡೆ. ಬಾಯಿ ತೆರೆಯುವ ಕೆಲಸವೇ ಇಲ್ಲ. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ತರ್ಕಶಾಸ್ತ್ರ ಕಲಿಸಿ ಬಾಯಿ ಸವೆಸಿಕೊಂಡವನಿಗೆ ಈ ಮಿತವ್ಯಯ ಹಿತವಾಗಿತ್ತು.

ಈ ವಿದ್ಯೆಯನ್ನು ಹೊರಗೆ ಪ್ರಯೋಗಿಸಲು ಅವಕಾಶ ಕಡಿಮೆ. ಗವಾಯಿಗಳು ಹೆಚ್ಚಾಗಿ ಕಣ್ಣು ಮುಚ್ಚಿ ಹಾಡುತ್ತಾರೆ. ಬೆರಳು ಯಾರಿಗೆ ತೋರಿಸುವುದು? ಹೀಗಾಗಿ ಅದೆಲ್ಲ ನಡೆದದ್ದು ಮನೆಯಲ್ಲಿ, ನನ್ನ ಹೆಂಡತಿಯ ಮೇಲೆ.

ಆಕೆ ಮದುವೆಗೆ ಮುಂಚೆಯೇ ಆರು ವರ್ಷ ಹಾಡು ಕಲಿತು ಬಂದವಳು. ತವರಿನಿಂದ ತಂದಿದ್ದ ತಂಬೂರಿ ಮನೆ ಬದಲಿಸುವಾಗ ಬುರುಡೆ ಒಡೆದುಕೊಂಡಿತು. ಅದರ ಬದಲಿಗೆ ನಾನು ಹುಬ್ಬಳ್ಳಿಗೆ ಹೋಗಿ ಎಲೆಕ್ಟ್ರಾನಿಕ್ ತಂಬೂರಿ ತಂದೆ. ನೋಡಲು ಹಳೆಯ ಕಾಲದ ರೇಡಿಯೋದ ತಮ್ಮನ ಹಾಗಿತ್ತು. ಕರೆಂಟು ಕೊಟ್ಟು ಕೂತರೆ ಸಾಕು, ಸಾ ಮತ್ತು ಪ ಎರಡೇ ಸ್ವರಗಳನ್ನು ಬೇಸರವಿಲ್ಲದೆ ಮೀಟುತ್ತಲೇ ಇರುತ್ತದೆ. ಹಾಡುವವರು ಆ ಎರಡರ ಮೇಲೆ ಕಾಲೂರಿ ನಿಲ್ಲಬೇಕು. ಪೆಟ್ಟಿಗೆಯ ಮುಂದೆ ಎರಡು ಗುಂಡಿ. ಒಂದು ಸಾ ಕೂಡಿಸಲು, ಒಂದು ಪ ಕೂಡಿಸಲು.

ನನ್ನ ಪುಣ್ಯಕ್ಕೆ ಅಂಗಡಿಯಲ್ಲೇ ಒಬ್ಬ ಹಿರಿಯ ಗವಾಯಿಗಳು ಸಿಕ್ಕರು. ಬೇಡಿಕೊಂಡು ಅವರ ಕೈಯಿಂದಲೇ ಎರಡೂ ಗುಂಡಿ ಕೂಡಿಸಿಕೊಂಡೆ. ಐದು ನಿಮಿಷದ ಕೆಲಸ. "ಶುದ್ಧ ಆತ್ರಿ" ಎಂದರು. ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ, ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನು ಎರಡು ತುಂಡು ಕತ್ತರಿಸಿ, ಗುಂಡಿಗಳ ಮೇಲೆ ಬಿಗಿಯಾಗಿ ಅಂಟಿಸಿ, ನೀಲಿ ಶಾಯಿಯಲ್ಲಿ 'ಮುಟ್ಟಬಾರದು' ಎಂದು ಬರೆದದ್ದು. ಮನೆಯಲ್ಲಿದ್ದವರು ಇಬ್ಬರೇ. ನಾನಂತೂ ಮುಟ್ಟುವವನಲ್ಲ. ಆ ಫಲಕ ಯಾರಿಗಾಗಿ ಬರೆದದ್ದೆಂದು ಬೇರೆ ಹೇಳಬೇಕಾಗಿಲ್ಲ.

ದಿನಾ ಬೆಳಗ್ಗೆ ಆಕೆ ಸ್ನಾನ ಮುಗಿಸಿ ಪಡಸಾಲೆಯಲ್ಲಿ ಚಾಪೆ ಹಾಸಿ ಪೆಟ್ಟಿಗೆ ಹಚ್ಚಿ ಕೂಡುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದೆ. ಪೇಪರಿಗೆ ಇಪ್ಪತ್ತು ನಿಮಿಷ ಬೇಕು. ಸಂಪಾದಕೀಯ ಉದ್ದವಿದ್ದರೆ ಇಪ್ಪತ್ತೈದು. ಆಮೇಲೆ ಒಳಗೆ ಬಂದು ಆರಾಮಕುರ್ಚಿಯಲ್ಲಿ ಕೂತು, ಕೇಳುವ ಕರ್ತವ್ಯಕ್ಕೆ ಹಾಜರಾಗುತ್ತಿದ್ದೆ. ಅಷ್ಟೊತ್ತಿಗೆ ಆಕೆಯ ಪಂಚಮ ಏರಿರುತ್ತಿತ್ತು. ಪೆಟ್ಟಿಗೆಯ ಪ ಒಂದು ಕಡೆ, ಆಕೆಯ ಪ ಕೂದಲೆಳೆಯಷ್ಟು ಮೇಲೆ. ನನ್ನ ಬೆರಳು ನೆಲದ ಕಡೆ ಹೋಗುತ್ತಿತ್ತು. ಆಕೆ ಬೆರಳು ನೋಡಿ ಸ್ವರ ಇಳಿಸುತ್ತಿದ್ದಳು. ಇಳಿಸಿದ ಮೇಲೆ ಹಾಡು ಉಪ್ಪಿಲ್ಲದ ಸಾರಿನ ಹಾಗಾಗುತ್ತಿತ್ತು. ಅದು ಅಭ್ಯಾಸದ ಕೊರತೆ ಎಂದು ನಾನು ತೀರ್ಮಾನಿಸಿದ್ದೆ. ಹೀಗೆ ಹನ್ನೊಂದು ವರ್ಷ ನಡೆಯಿತು. ರಜೆ ಹಾಕಿದ್ದು ನನಗೆ ನೆನಪಿಲ್ಲ.

ಒಂದು ಬೆಳಗ್ಗೆ ಪೇಪರು ಮಡಚಿಕೊಂಡು ಒಳಗೆ ಬಂದರೆ ಚಾಪೆ ಸುತ್ತಿಟ್ಟಿತ್ತು. ಆಕೆ ಪೆಟ್ಟಿಗೆಯ ವಾಯರು ಸುತ್ತುತ್ತಿದ್ದಳು.

"ಯಾಕ, ಇವತ್ತ ಇಷ್ಟ ಲಗೂ?"

"ಸಾಕಾತ್ರಿ."

"ಇವತ್ತಿಂದೋ?"

"ಎಲ್ಲಾ."

ಇದನ್ನು ನಾನು ಪ್ರಬುದ್ಧತೆ ಎಂದು ಅರ್ಥ ಮಾಡಿಕೊಂಡೆ. ಅಷ್ಟಕ್ಕೇ ಬಿಡದೆ ನೆಂಟರ ಮುಂದೆ ಹೊಗಳಿಯೂ ಹೊಗಳಿದೆ. ತನ್ನ ಮಿತಿ ತಾನೇ ಅರಿತುಕೊಳ್ಳುವುದು ಸಣ್ಣ ಮಾತಲ್ಲ, ಎಷ್ಟು ಮಂದಿಗೆ ಬರುತ್ತದೆ ಹೇಳಿ, ಎಂದೆಲ್ಲ. ಆಕೆ ಪಕ್ಕದಲ್ಲೇ ನಿಂತು ಅವಲಕ್ಕಿಯ ತಾಟು ಹಂಚುತ್ತಿದ್ದಳು. ಇದು ಒಂಬತ್ತು ವರ್ಷದ ಹಿಂದಿನ ಮಾತು.

ಈ ವರ್ಷ ಮನೆಗೆ ಬಣ್ಣ ಹಚ್ಚಿಸುವಾಗ ಕಪಾಟು ಖಾಲಿ ಮಾಡಬೇಕಾಯಿತು. ಪೆಟ್ಟಿಗೆ ಹೊರಗೆ ಬಂತು. "ಮಾರಿಬಿಡ್ಲೇನು?" ಎಂದು ಕೇಳಿದೆ. "ನಿಮ್ಮ ಪೆಟ್ಟಿಗಿ. ನೀವ ನೋಡ್ರಿ" ಎಂದಳು. 'ನಿಮ್ಮ' ಎಂಬ ಶಬ್ದವನ್ನು ನಾನು ಆಗ ಗೌರವವೆಂದೇ ತಿಳಿದೆ.

ಹಳೆಯ ಸಾಮಾನು ಮಾರುವ ಆಪ್ ಒಂದರಲ್ಲಿ ಜಾಹೀರಾತು ಹಾಕಿದೆ. ಬೇರೆಯವರ ಜಾಹೀರಾತು ನೋಡಿದ್ದೆ: 'ಫ್ರಿಜ್ ಮಾರಾಟಕ್ಕಿದೆ, ಚೆನ್ನಾಗಿದೆ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥ ಅಡ್ಡಾದಿಡ್ಡಿ ಕೆಲಸ ನನ್ನಿಂದ ಆಗುವಂಥದ್ದಲ್ಲ. ಒಂದು ಮಧ್ಯಾಹ್ನ ಪೂರ್ತಿ ಕೂತು ಬರೆದೆ: 'ಎಲೆಕ್ಟ್ರಾನಿಕ್ ತಂಬೂರಿ. ಖರೀದಿಯ ದಿನ ಹಿರಿಯ ಗವಾಯಿಗಳ ಹಸ್ತದಿಂದ ಶ್ರುತಿಗೊಂಡದ್ದು. ಅಂದಿನಿಂದ ಗುಂಡಿಗಳಿಗೆ ಯಾರ ಕೈಯೂ ತಾಗಿಲ್ಲ. ಸ್ವರಶುದ್ಧಿಗೆ ಸ್ವತಃ ನಾನೇ ಹೊಣೆ.'

ಕೊಳ್ಳಲು ಬಂದವನು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ರೈತ. ಹತ್ತಿ, ಮೆಣಸಿನಕಾಯಿ ಬೆಳೆಯುವ ನಾಲ್ಕು ಎಕರೆ. ಸೋಮವಾರ ಮಠದಲ್ಲಿ ಭಜನೆ. ವಯಸ್ಸು ನಲವತ್ತರ ಆಸುಪಾಸು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದ. ಪೆಟ್ಟಿಗೆ ಹಚ್ಚಿದೆ. ಐದು ನಿಮಿಷ ಕೈಕಟ್ಟಿ ನಿಂತು ಕೇಳಿದ. "ಛಲೋ ಐತ್ರಿ ಸರ. ಮಗಳ ಸಲುವಾಗಿ ಬೇಕಾಗಿತ್ತು" ಎಂದ. ಚೌಕಾಶಿ ಮಾಡಲಿಲ್ಲ. ಪ್ಲಾಸ್ಟರ್ ಕೀಳಬಾರದೆಂದು ನಾನು ಸಾಕಷ್ಟು ವಿಸ್ತಾರವಾಗಿ ಹೇಳಿದೆ. ಆತ ಪೆಟ್ಟಿಗೆಗೆ ಕೈ ಮುಗಿದು, ಹೆಗಲ ಮೇಲಿನ ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು, ಮೋಟರ್ ಸೈಕಲ್ಲಿನ ಮುಂದೆ ಇಟ್ಟುಕೊಂಡು ಹೋದ.

ಎರಡು ವಾರ ಕಳೆದ ಮೇಲೆ ಫೋನಿಗೆ ಆತನ ದನಿಯ ಸಂದೇಶ ಬಂತು. ನಾನು ಫೋನನ್ನು ಜೋರಾಗಿಯೇ ಹಚ್ಚಿ ಕೇಳುವವನು. ಹೆಂಡತಿ ಪಕ್ಕದಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದಳು.

"ನಮಸ್ಕಾರ್ರಿ ಸರ. ಪೆಟ್ಟಿಗಿ ಒಯ್ದಾಂವ್ರಿ, ಸುಳ್ಳದಾಂವ. ಏನಿಲ್ರಿ, ಪೆಟ್ಟಿಗಿ ಕಾದ ಮ್ಯಾಲೆ ಪ ಸ್ವಲ್ಪ ಇಳೀತೈತ್ರಿ. ಸಾ ಬರೋಬ್ಬರಿ ಐತಿ. ಪ ಒಂದ ಇಳೀತೈತಿ. ಸಿಟ್ಟಾಗಬ್ಯಾಡ್ರಿ ಮತ್ತ."

ಹಿಂದೆ ಎಲ್ಲೋ ಎಮ್ಮೆಯೊಂದು ಒದರಿತು. ಅದರ ಶ್ರುತಿಯ ಬಗ್ಗೆ ಆತ ಏನೂ ಆಕ್ಷೇಪ ಎತ್ತಲಿಲ್ಲ.

"ಎಷ್ಟೊತ್ತಾದ ಮ್ಯಾಲಂತ?" ಎಂದಳು ಹೆಂಡತಿ, ಸೊಪ್ಪಿನಿಂದ ಕಣ್ಣೆತ್ತದೆ.

"ಏನು?"

"ಇಳಿಯೂದು."

"ಕಾದ ಮ್ಯಾಲಂತ! ಅದೇನು ಹಾಲೇನು, ಕಾದ ಮ್ಯಾಲೆ ಉಕ್ಕಲಿಕ್ಕೆ, ಇಳೀಲಿಕ್ಕೆ?"

ಆಕೆ ಸೊಪ್ಪು ಬಿಡಿಸುತ್ತ ಹೋದಳು. ಆದರೆ ಆ ದಿನ ಮೆಂತೆಸೊಪ್ಪಿನ ಜೊತೆ ಕಡ್ಡಿಗಳೂ ಪಲ್ಯಕ್ಕೆ ಬಿದ್ದಿದ್ದವು. ಇಷ್ಟು ವರ್ಷದ ಸಂಸಾರದಲ್ಲಿ ಅದು ಮೊದಲ ಸಲ.

ಬಂದ ತಕರಾರಿಗೆ ನಾಲ್ಕು ಅಂಶಗಳಲ್ಲಿ ಲಿಖಿತ ಉತ್ತರ ಕಳಿಸಿದೆ. ಒಂದು, ತಾವು ಸ್ವತಃ ಕೇಳಿ ಒಪ್ಪಿ ಒಯ್ದಿದ್ದೀರಿ. ಎರಡು, ಯಂತ್ರಕ್ಕೆ ಸುಳ್ಳು ಹೇಳುವ ಬುದ್ಧಿ ಇರುವುದಿಲ್ಲ. ಅದು ಮನುಷ್ಯರಿಗೆ ಮಾತ್ರ ಇರುವಂಥದ್ದು. ಮೂರು, ಯಂತ್ರಕ್ಕೂ ಕಂಠಕ್ಕೂ ಭೇದ ಬಂದಲ್ಲಿ ತಪ್ಪು ಕಂಠದ್ದೇ ಎಂದು ತಿಳಿಯತಕ್ಕದ್ದು. ನಾಲ್ಕು, ಮೂರು ತಲೆಮಾರಿನಿಂದ ಸಂಗೀತ ಕೇಳಿದ ಮನೆಯಿಂದ ಹೋದ ವಸ್ತುವಿದು. ಓದಿ ನೋಡಿದೆ. ಒಂದು ಅಲ್ಪವಿರಾಮವನ್ನೂ ಕದಲಿಸುವ ಹಾಗಿರಲಿಲ್ಲ.

ಸಂಜೆ ಮತ್ತೆ ದನಿ ಬಂತು. "ದೊಡ್ಡವರು ಅಷ್ಟ ಬರದೀರಿ. ಮಗಳ ಕಡಿಂದ ಎರಡ ಸಲ ಓದಿಸಿದೆ. ಎಲ್ಲಾ ಖರೇನ ಇದ್ದೀತ್ರಿ. ಆದ್ರ ಪೆಟ್ಟಿಗಿ ಇಳೀತೈತಿ. ಐತ್ವಾರ ತೊಗೊಂಡ ಬರ್ತೇನಿ, ನೀವ ಕೇಳಿ ಬಿಡ್ರಿ."

ಭಾನುವಾರ ಹತ್ತು ಗಂಟೆಗೆ ಬಂದರು, ಆತ ಮತ್ತು ಹನ್ನೆರಡು ವರ್ಷದ ಮಗಳು. ಪೆಟ್ಟಿಗೆ ಅದೇ ಟವೆಲಿನಲ್ಲಿತ್ತು. ಹುಡುಗಿ ಎರಡು ಜಡೆ ಹಾಕಿಕೊಂಡು, ಯಾರದೋ ಮದುವೆಗೆ ಹೊಲಿಸಿದ ಲಂಗ ತೊಟ್ಟು, ಮುಖ ಮಾತ್ರ ದವಾಖಾನೆಗೆ ಬಂದವರ ಹಾಗೆ ಮಾಡಿಕೊಂಡಿದ್ದಳು. ನಾನು ಆರಾಮಕುರ್ಚಿಯಲ್ಲಿ ಕೂತೆ. ಅವರಿಗೆ ಎದುರಿನ ಕುರ್ಚಿ ತೋರಿಸಿದೆ. ಅವರು ಚಾಪೆಯ ಮೇಲೆ ಕೂತರು.

ಪೆಟ್ಟಿಗೆ ಹಚ್ಚಿದೆವು. ಸಾ, ಪ, ಸಾ, ಪ. ಶುದ್ಧ. ಐದು ನಿಮಿಷ ನಾನು ಕಣ್ಣು ಮುಚ್ಚಿ, ಅಪ್ಪನ ಹುಬ್ಬಿನಿಂದ ಕೇಳಿದೆ.

"ಎಲ್ಲಿ ಅದ ರೀ ದೋಷ?"

"ತಡೀರಿ ಸರ. ಇನ್ನೂ ಕಾದಿಲ್ಲ."

"ಎಷ್ಟ ಕಾಯಬೇಕು?"

"ಇಪ್ಪತ್ತ ಮಿಂಟ."

"ಸುಳ್ಳದ ಹೊಲದಾಗಿಂದ ಧಾರವಾಡಕ್ಕ ಶ್ರುತಿ ಕಲಿಸಲಿಕ್ಕೆ ಬಂದೀರಿ ಅಂದಂಗಾತು."

ಆತನಿಗೆ ಚುಚ್ಚಲಿಲ್ಲವೋ, ಚುಚ್ಚಿದರೂ ತೋರಿಸಲಿಲ್ಲವೋ, ನಕ್ಕ. "ಹೊಲದಾಗೂ ಎತ್ತಿನ ಕೊಳ್ಳಾಗ ಗಂಟಿ ಇರತಾವ್ರಿ ಸರ. ಒಂದ ಗಂಟಿ ಸೀಳಿದ್ರ ಮಲಕೊಂಡಾವಗೂ ಗೊತ್ತಾಗತೈತಿ."

ಆಮೇಲೆ ವಿಷಯ ಹೇಳಿದ. ಮಗಳು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಬ್ಬ ಟೀಚರ ಕಡೆ ಹಾಡು ಕಲಿಯುತ್ತಿದ್ದಾಳೆ. ಅಲ್ಲಿ ಹಾರ್ಮೋನಿಯಂ. ಆರು ತಿಂಗಳು ಎಲ್ಲ ಸರಿಯಿತ್ತು. ಪೆಟ್ಟಿಗೆ ಬಂದ ಮೇಲೆ ಮನೆಯಲ್ಲಿ ದಿನಾ ಒಂದು ತಾಸು ಅಭ್ಯಾಸ. ಈಗ ಟೀಚರು ಈಕೆಯ ಪ ಇಳಿಯುತ್ತದೆಂದು ಎಬ್ಬಿಸಿ ಹಿಂದಿನ ಸಾಲಿಗೆ ಕೂಡಿಸಿದ್ದಾರೆ. ಮುಂದಿನ ತಿಂಗಳ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲ ಎಂದಿದ್ದಾರೆ.

"ಟೀಚರ್ ಹೇಳಿದಂಗ ಹಾಡಿದ್ರ ಪೆಟ್ಟಿಗಿ ಕೂಡ ಜಗಳ ಆಗತೈತ್ರಿ," ಎಂದಳು ಹುಡುಗಿ ನೆಲ ನೋಡುತ್ತ. "ಪೆಟ್ಟಿಗಿ ಹೇಳಿದಂಗ ಹಾಡಿದ್ರ ಟೀಚರ್ ಕೂಡ."

"ಎರಡ ದಿನ ಆತ್ರಿ, ಹಾಡೂದ ಬ್ಯಾಡಪಾ, ಬಿಡಸಿಬಿಡು ಅನ್ನಾಕತ್ತಾಳ," ಎಂದ ತಂದೆ. "ಅದಕ ಓಡಿ ಬಂದೇನಿ."

"ಹುಡುಗೀದ ತಪ್ಪಿರಬಹುದಲ್ಲ?" ಎಂದೆ. ತರ್ಕದ ದೃಷ್ಟಿಯಿಂದ ಎಲ್ಲ ಸಾಧ್ಯತೆಗಳನ್ನೂ ಪರಿಶೀಲಿಸಬೇಕು.

"ಇರಬಹುದ್ರಿ. ಇಲ್ಲ ಅನ್ನಾಂವ ನಾ ಯಾರು? ಆದ್ರ ಮನ್ಯಾಗ ಹೊಸಾದು ಬಂದದ್ದು ಪೆಟ್ಟಿಗಿ ಒಂದ. ಮತ್ತ ಪೆಟ್ಟಿಗೀದ ತಪ್ಪಂದ್ರ ಪೆಟ್ಟಿಗಿ ಏನ ಅಳೂದಿಲ್ರಿ. ಹಿಂಗಾಗಿ ಮದಲ ಅದನ್ನ ನೋಡೂಣು ಅಂದೆ."

ಮೂವತ್ತೆರಡು ವರ್ಷ ತರ್ಕಶಾಸ್ತ್ರ ಕಲಿಸಿದ್ದೇನೆ. ಇಷ್ಟು ಸರಳವಾದ ಒಂದು ವಾಕ್ಯವನ್ನು ನಾನು ಹಲಗೆಯ ಮೇಲೆ ಬರೆದದ್ದು ನೆನಪಿಲ್ಲ.

ಪೆಟ್ಟಿಗೆ ಮೀಟುತ್ತಲೇ ಇತ್ತು. ಆತ ಮಾತು ತೆಗೆದ. "ಇದರ ಮ್ಯಾಲೆ ನೀವ ಹಾಡತಿದ್ರೇನ್ರಿ ಸರ?"

"ಇಲ್ಲ. ನಾನು ಕೇಳಾಂವ."

"ಮತ್ತ ಹಾಡತಿದ್ದವರು?"

"ಮನ್ಯಾಗ ಹಾಡತಿದ್ರು. ಸ್ವಲ್ಪ ದಿವಸ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಹನ್ನೊಂದು ವರ್ಷವನ್ನು 'ಸ್ವಲ್ಪ ದಿವಸ' ಮಾಡಿದ್ದು ಬೇಕೆಂದೇ ಅಲ್ಲ. ಬಾಯಿಗೆ ಹಾಗೆ ಬಂತು.

ಇಪ್ಪತ್ತು ನಿಮಿಷ ಆಯಿತೆಂದು ಆತ ಫೋನು ನೋಡಿ ಹೇಳಿದ. ನಾನು ಕಿವಿಗೊಟ್ಟೆ. ನನಗೆ ಯಾವ ದೋಷವೂ ಕೇಳಿಸಲಿಲ್ಲ. ಕೇಳಿಸಿದ್ದು ನನ್ನ ಮನೆಯ ಪಂಚಮ. ದಿನಾ ಪೇಪರು ಮಡಚಿ ಒಳಗೆ ಬಂದಾಗ ಕೇಳುತ್ತಿದ್ದ ಅದೇ ಪಂಚಮ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆತ ಮಗಳ ಬೆನ್ನು ತಟ್ಟಿದ.

"ಹಾಡವಾ. ಟೀಚರ್ ಹೇಳಿಕೊಟ್ಟಂಗ. ಪೆಟ್ಟಿಗಿ ಕಡೆ ಲಕ್ಷ್ಯ ಕೊಡಬ್ಯಾಡ."

ಹುಡುಗಿ ಸಾ ಹಿಡಿದಳು. ನಿಧಾನವಾಗಿ ಮೆಟ್ಟಿಲೇರಿ ಪ ಮೇಲೆ ಬಂದು ನಿಂತಳು. ಪೆಟ್ಟಿಗೆಗಿಂತ ಕೂದಲೆಳೆಯಷ್ಟು ಮೇಲೆ.

ನನ್ನ ಬೆರಳು ನೆಲದ ಕಡೆ ಹೋಯಿತು.

ನಾನು ಕಳಿಸಿದ್ದಲ್ಲ. ಒಂಬತ್ತು ವರ್ಷ ನಿವೃತ್ತಿಯಲ್ಲಿದ್ದ ಬೆರಳು ಕರೆಯದೆಯೇ ಕೆಲಸಕ್ಕೆ ಬಂದಿತ್ತು. ಹುಡುಗಿ ಬೆರಳು ನೋಡಿದಳು. ಸ್ವರ ಇಳಿಸಿದಳು. ಇಳಿಸುವಾಗ ಆಕೆಯ ಮುಖ ಹೇಗಾಯಿತೆಂದರೆ, ಆ ಮುಖವನ್ನು ನಾನು ಇದೇ ಚಾಪೆಯ ಮೇಲೆ, ಇನ್ನೊಬ್ಬರಲ್ಲಿ, ಹನ್ನೊಂದು ವರ್ಷ ನೋಡಿದ್ದೆ. ಆಗ ಅದಕ್ಕೆ ಅಭ್ಯಾಸದ ಕೊರತೆ ಎಂದು ಹೆಸರಿಟ್ಟಿದ್ದೆ.

"ಇಳಸಬ್ಯಾಡವಾ. ನಿಂದ ಖರೇ ಅದ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಬಂದು ಹುಡುಗಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಒಂಬತ್ತು ವರ್ಷದ ಮೇಲೆ ಆ ಜಾಗದಲ್ಲಿ.

"ಕಾದ ಮ್ಯಾಲೆ ಇದರ ಪ ಇಳೀತದ," ಎಂದಳು ರೈತನ ಕಡೆ ತಿರುಗಿ. "ಹದಿನೈದು ನಿಮಿಷಕ್ಕ ಸುರು ಆಗತದ. ಬ್ಯಾಸಗ್ಯಾಗ ಇನ್ನೂ ಲಗೂ. ಪ್ಲಾಸ್ಟರ್ ಕಿತ್ತು ಗುಂಡಿ ಸ್ವಲ್ಪ ತಿರುವಬೇಕು."

ಆತ ಕೈ ಹಿಂದೆಳೆದುಕೊಂಡ. "ಮುಟ್ಟಬಾರದು ಅಂತ ಬರದೈತ್ರಿ ಅಕ್ಕಾರ. ಸರ ಹೇಳ್ಯಾರ."

"ಅದು ಬರದದ್ದು ನನಗ. ನಿಮಗಲ್ಲ."

ಉಗುರಿನಿಂದ ಪ ಗುಂಡಿಯ ಪ್ಲಾಸ್ಟರಿನ ಅಂಚು ಕೆದಕಿದಳು. ಇಪ್ಪತ್ತು ವರ್ಷದ ಅಂಟು, ಸುಲಭಕ್ಕೆ ಬರಲಿಲ್ಲ. 'ಮುಟ್ಟ' ಒಂದು ಕಡೆ, 'ಬಾರದು' ಇನ್ನೊಂದು ಕಡೆ ಹರಿದು ಬಂದವು. ಎರಡು ಬೆರಳಿನಿಂದ ಗುಂಡಿಯನ್ನು ಎಷ್ಟು ಸಣ್ಣಗೆ ತಿರುವಿದಳೆಂದರೆ ತಿರುವಿದ್ದು ಕಣ್ಣಿಗೆ ಕಾಣಲೇ ಇಲ್ಲ. "ಈಗ ಹಾಡು" ಎಂದಳು. ಹುಡುಗಿ ಮತ್ತೆ ಪ ಹಿಡಿದಳು. ಎರಡೂ ಪ ಒಂದರಲ್ಲೊಂದು ಕೂತವು. ಕಿಟಕಿಯ ಗಾಜು ಸಣ್ಣಗೆ ಗುಂಯ್ಗುಟ್ಟಿತು. ಆ ಪೆಟ್ಟಿಗೆಗೆ ಅಂಥ ದನಿ ಇದೆಯೆಂದು ಅದರ ಮಾಲೀಕನಾಗಿದ್ದ ನನಗೆ ಗೊತ್ತೇ ಇರಲಿಲ್ಲ. ರೈತ ಮಗಳ ತಲೆಯ ಮೇಲೆ ಕೈಯಿಟ್ಟು, "ನೋಡು, ನಿಂದೇನ ತಪ್ಪಿಲ್ಲ" ಎಂದ. ಆತ ಅಷ್ಟೇ ಹೇಳಿದ. ಹುಡುಗಿ ಲಂಗದ ಅಂಚಿನಿಂದ ಮೂಗು ಒರೆಸಿಕೊಂಡು ಮತ್ತೊಮ್ಮೆ, ಯಾರೂ ಹೇಳದೆಯೇ, ಪ ಹಾಡಿದಳು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನಮ್ಮ ಮನೆತನದ ವಿದ್ಯೆಯೂ ಹೌದು. ಆದರೆ ಕೇಳಿಬಿಟ್ಟೆ. "ಗೊತ್ತಿದ್ರ ಆವಾಗ ಯಾಕ ಹೇಳಲಿಲ್ಲ?"

"ಹೇಳಿದ್ದೆ."

"ಯಾವಾಗ?"

"ಮೂರು ಸರ್ತಿ. ಮದಲನೇ ವರ್ಷನ ಹೇಳಿದ್ದೆ. ಯಂತ್ರಕ್ಕ ಸುಳ್ಳ ಹೇಳೂ ಬುದ್ಧಿ ಇಲ್ಲ ಅಂದ್ರಿ."

"ನಮಗೂ ಹಂಗ ಬರದಿದ್ರಿ ಸರ," ಎಂದ ರೈತ. ಆತನ ಮುಖದಲ್ಲಿ ಕೊಂಕು ಇರಲಿಲ್ಲ. ಪರಿಚಿತ ವಾಕ್ಯ ಸಿಕ್ಕಿತೆಂಬ ಸಂತೋಷ ಮಾತ್ರ ಇತ್ತು.

ನನಗೆ ನೆನಪಿಲ್ಲ. ಕಾಲೇಜಿನ ಮೊದಲ ವರ್ಷ ನಾನು ತೆಗೆದ ಪ್ರಶ್ನೆಪತ್ರಿಕೆ ಇಂದಿಗೂ ಬಾಯಿಪಾಠ, ಇದು ನೆನಪಿಲ್ಲ. ಹೇಳಿರಲಾರಳು ಎಂದು ವಾದಿಸಬಹುದಿತ್ತು. ಆದರೆ ವಾಕ್ಯ ನನ್ನದೇ. ನನ್ನ ಕೈಬರಹದಷ್ಟೇ ನನ್ನದು. ಅದನ್ನು ಆಕೆ ಬೇರೆಲ್ಲಿಂದ ತಂದಾಳು?

ಆಗ ನನಗೆ ಒಂದು ಆತುರ ಹುಟ್ಟಿತು. ಮಾಲು ದೋಷಪೂರ್ಣವೆಂದು ಸಾಬೀತಾಗಿದೆ. ಹೊಣೆ ನಾನೇ ಎಂದು ಬರೆದುಕೊಟ್ಟಿದ್ದೇನೆ. ಆದ್ದರಿಂದ ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡು ಪೂರ್ತಿ ಹಣ ಕೊಡುತ್ತೇನೆ, ಸುಳ್ಳದಿಂದ ಬಂದುಹೋದ ಪೆಟ್ರೋಲಿನದ್ದೂ ಕೊಡುತ್ತೇನೆ ಎಂದೆ. ನ್ಯಾಯದ ಮಾತಿನಂತೆಯೇ ಹೇಳಿದೆ. ಪೆಟ್ಟಿಗೆ ಕಪಾಟಿಗಲ್ಲ, ಚಾಪೆಯ ಮುಂದಕ್ಕೆ ಬರಲಿ ಎಂಬ ಆಸೆಯನ್ನು ನ್ಯಾಯದ ಕೆಳಗೆ ಮಡಚಿಟ್ಟಿದ್ದೆ.

"ಯಾಕ್ರಿ ಸರ?" ಆತನಿಗೆ ಅರ್ಥವಾಗಲಿಲ್ಲ. "ಈಗ ರಿಪೇರಿ ಆತಲ್ಲ. ಅಕ್ಕಾರು ತೋರಿಸಿ ಕೊಟ್ರಲ್ಲ."

"ಆದರೂ ದೋಷ ದೋಷನ. ನಾಳೆ ಮತ್ತ ಇಳೀತದ."

"ಇಳದ್ರ ಏರಿಸಿದ್ರ ಆತ್ರಿ. ಗುಂಡಿ ಅದಕ ಅಲ್ಲೇನ್ರಿ ಇರೂದು?"

"ನಾನು ಹೊಸಾದು ಕೊಡಸ್ತೀನಿ ಬೇಕಾದ್ರ."

"ಬ್ಯಾಡ್ರಿ ಸರ, ತಪ್ಪ ತಿಳಕೋಬ್ಯಾಡ್ರಿ. ಈಕಿಗೆ ಇದರ ದನಿ ಹಿಡಿಸೇತಿ."

ಹೀಗೆ ಕೊಂಡವನು ಬೇಡವೆನ್ನುತ್ತ, ಮಾರಿದವನು ವಾಪಸು ಕೊಡೆಂದು ಅಂಗಲಾಚುತ್ತ ಐದು ನಿಮಿಷ ಕಳೆಯಿತು. ತಕರಾರು ನಿವಾರಣೆಯ ಇತಿಹಾಸದಲ್ಲಿ ಇಂಥ ವಿಚಾರಣೆ ನಡೆದಿರಲಾರದು. ತೀರ್ಪು ಕೊಟ್ಟವಳು ಹೆಂಡತಿ.

"ಒಯ್ಲಿ ಬಿಡ್ರಿ. ಹಾಡೋರ ಮನ್ಯಾಗ ಇರಲಿ."

ಆಕೆ ಪೆಟ್ಟಿಗೆಯನ್ನು ತಾನೇ ಟವೆಲಿನಲ್ಲಿ ಸುತ್ತಿಕೊಟ್ಟಳು. ಹುಡುಗಿಗೆ ಗುಂಡಿ ತಿರುವುವುದನ್ನು ಎರಡು ಸಲ ಮಾಡಿಸಿದಳು. ಏನಾದರೂ ತಿಳಿಯದಿದ್ದರೆ ಫೋನು ಮಾಡು ಎಂದು ತನ್ನ ನಂಬರು ಕೊಟ್ಟಳು. ನನ್ನ ನಂಬರು ಅವರ ಹತ್ತಿರ ಇತ್ತು. ಅದನ್ನು ನಾನು ನೆನಪಿಸಿ ಹೇಳಿದರೂ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಬಾಗಿಲ ಹತ್ತಿರ ಹುಡುಗಿ ತಿರುಗಿ ನಿಂತಳು. "ಅಜ್ಜಿ, ನೀವು ಹಾಡತೀರೇನ್ರಿ?"

"ಇಲ್ಲವಾ," ಎಂದಳು ಹೆಂಡತಿ. "ನನ್ನ ಪಂಚಮ ಏರತಿತ್ತು."

ನನ್ನ ಕಡೆ ನೋಡಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮಳೆ ಬರತಿತ್ತು, ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದಳು. ಹುಡುಗಿಗೆ ಅದು ತಮಾಷೆ ಎನ್ನಿಸಿ ನಕ್ಕಳು. ತಂದೆ ನಗಲಿಲ್ಲ. ನನ್ನನ್ನು ಒಮ್ಮೆ ನೋಡಿ, ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ. ಆತ ಅಂದು ಮಾಡಿದ ಉಪಕಾರಗಳಲ್ಲಿ ಅದು ದೊಡ್ಡದು.

ಮರುದಿನ ನಾನೂ ಪ್ರಾಯಶ್ಚಿತ್ತಕ್ಕೆ ಕೈಹಾಕಿದೆ. ಈಗ ಫೋನಿನಲ್ಲೇ ತಂಬೂರಿ ಸಿಗುತ್ತದೆ. ಕಾಯುವುದೂ ಇಲ್ಲ, ಇಳಿಯುವುದೂ ಇಲ್ಲ. ಅದನ್ನು ಇಳಿಸಿಕೊಂಡು, ಬೆಳಗ್ಗೆ ಆಕೆ ಸ್ನಾನ ಮುಗಿಸಿ ಬರುವ ಹೊತ್ತಿಗೆ ಚಾಪೆ ಹಾಸಿ, ಫೋನು ಹಚ್ಚಿಟ್ಟು, ಪೇಪರನ್ನೂ ಮುಟ್ಟದೆ ಕಟ್ಟೆಯ ಮೇಲೆ ಕೂತೆ. ಬೆರಳುಗಳನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಒಳಗಿನಿಂದ ದನಿ ಬಂತು.

"ಅಲ್ರೀ, ಆ ಫೋನ್ ಬಂದ್ ಮಾಡ್ರಿ. ಕುಕ್ಕರಿನ ಸೀಟಿ ಎಷ್ಟಾತು ತಿಳೀವಲ್ದು."

ಬಂದ್ ಮಾಡಿದೆ. ಚಾಪೆ ಸುತ್ತಿಟ್ಟೆ. ಮತ್ತೆ ಹಾಸಿಲ್ಲ.

ಈಗ ವಾರಕ್ಕೊಮ್ಮೆ, ಹೆಚ್ಚಾಗಿ ಭಾನುವಾರ ಬೆಳಗ್ಗೆ, ಸುಳ್ಳದಿಂದ ಫೋನು ಬರುತ್ತದೆ. ಹೆಂಡತಿಯ ಫೋನಿಗೆ. ಹುಡುಗಿಯ ಹೆಸರು ಪರೀಕ್ಷೆಗೆ ಹೋಗಿದೆ. ಗುಂಡಿ ಎಷ್ಟು ತಿರುವಬೇಕು, ಸ್ವರ ಎಲ್ಲಿ ನಿಲ್ಲಿಸಬೇಕು ಎಂದೇನೋ ಕೇಳುತ್ತಾಳೆ. ಅಂಥದ್ದನ್ನು ಬಾಯಿಮಾತಿನಲ್ಲಿ ಹೇಳಲಾಗುವುದಿಲ್ಲ, ಹಾಡಿಯೇ ತೋರಿಸಬೇಕು. ಇಷ್ಟು ನನಗೂ ಗೊತ್ತು. ಹೆಂಡತಿ ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಾಳೆ. ಹೋಗುವ ಮುಂಚೆ ಅಡುಗೆಮನೆಯಿಂದ ನನ್ನನ್ನು ಕರೆಯುತ್ತಾಳೆ.

"ಮೂರು ಸೀಟಿ ಆದ ಮ್ಯಾಲೆ ಗ್ಯಾಸ್ ಬಂದ್ ಮಾಡ್ರಿ. ಎಣಸಲಿಕ್ಕರ ಬರತದಲ್ಲ?"

ಹಿತ್ತಲ ಬಾಗಿಲು ಎಳೆದುಕೊಳ್ಳುತ್ತಾಳೆ. ಆ ಕಡೆಯಿಂದ ಚಿಲಕ ಬೀಳುತ್ತದೆ. ನಾನು ಒಲೆಯ ಮುಂದೆ ನಿಲ್ಲುತ್ತೇನೆ. ಬಾಗಿಲ ಸಂದಿಯಿಂದ ಏನೋ ಬಂದ ಹಾಗಾಗುತ್ತದೆ, ಸಾ ಇರಬಹುದು. ಅಲ್ಲಿಂದ ಮೆಟ್ಟಿಲೇರಿ ಪ ಕಡೆ ಹೋಗುವ ಹೊತ್ತಿಗೆ ಸರಿಯಾಗಿ ಕುಕ್ಕರು ಸೀಟಿ ಹಾಕುತ್ತದೆ.

ಒಂದು. ಎರಡು. ಮೂರು. ಗ್ಯಾಸ್ ಬಂದ್ ಮಾಡುತ್ತೇನೆ. ಇದುವರೆಗೆ ಎಣಿಕೆಯಲ್ಲಿ ತಪ್ಪಿಲ್ಲ.